ಸ್ಟೇಜಿಗೆ ಹೋಗದ ಚೀಟಿಗಳು

ಎಲ್ಲೇ ಆರ್ಕೆಸ್ಟ್ರಾ ಇರಲಿ, ನಾನು ಅರ್ಧ ಗಂಟೆ ಮೊದಲೇ ಹೋಗಿ ಕುಳಿತುಬಿಡುತ್ತೇನೆ. ಆಗಿನ್ನೂ ಕುರ್ಚಿ ಹಾಕುತ್ತಿರುತ್ತಾರೆ. ಕೀಬೋರ್ಡಿನವನು ಯಾವುದೋ ವೈರು ಹುಡುಕುತ್ತಿರುತ್ತಾನೆ. ಮುಂದಿನ ಸಾಲಿನಲ್ಲಿ ನಾಲ್ಕು ಮಕ್ಕಳು, ಮೂಲೆಯಲ್ಲೊಂದು ನಾಯಿ, ನಡುವೆ ನಾನು. ಸ್ವಲ್ಪ ಹೊತ್ತಿಗೆ ಊರಿನದೇ ಒಬ್ಬ ಹುಡುಗನೋ ಹುಡುಗಿಯೋ ಬಂದು, ಮೊಬೈಲಿನಲ್ಲಿ ಸಾಲು ನೋಡಿಕೊಂಡು ಗಣಪತಿಯ ಮೇಲೊಂದು ಹಾಡು ಹೇಳಿ ಕೆಳಗಿಳಿಯುತ್ತಾರೆ. ದೊಡ್ಡ ಗಾಯಕರು ಬರುವ ತನಕ ಸ್ಟೇಜು ಖಾಲಿ ಇರಬಾರದು ಎಂಬುದಕ್ಕಷ್ಟೇ ಆ ಹಾಡು. ಅದಕ್ಕೆ ಚಪ್ಪಾಳೆ ತಟ್ಟುವವನು ನಾನೊಬ್ಬನೇ. ಮಾವಿನ ಮಂಡಿಯಲ್ಲಿ ಕ್ರೇಟು ಎತ್ತಿ ಎತ್ತಿ ಗಟ್ಟಿಯಾದ ಕೈ, ಸದ್ದು ಚೆನ್ನಾಗಿಯೇ ಬರುತ್ತದೆ.

ನನ್ನ ಹೆಂಡತಿಗೆ ಇದು ನಾಚಿಕೆ. "ಅವರಿನ್ನೂ ಮೈಕ್ ಟೆಸ್ಟ್ ಮಾಡ್ತಾವ್ರೆ. ನಿಮ್ಮದೇನು ಚಪ್ಪಾಳೆ," ಎಂದು ಮೊಣಕೈಯಲ್ಲಿ ತಿವಿಯುತ್ತಾಳೆ.

ಶ್ರೀನಿವಾಸಪುರದಲ್ಲಿ ನನ್ನನ್ನು ಬಲ್ಲವರೆಲ್ಲ ಸೀನಪ್ಪನಿಗೆ ಹಾಡಿನ ಹುಚ್ಚು ಅಂದುಕೊಂಡಿದ್ದಾರೆ. ನಾನೂ ಅಲ್ಲವೆಂದಿಲ್ಲ. ಏಳನೇ ಕ್ಲಾಸಿನಲ್ಲಿ ಎರಡು ಸಲ ಫೇಲಾಗಿ ಶಾಲೆ ಬಿಟ್ಟವನಿಗೆ ಯಾವುದಾದರೂ ಒಂದರಲ್ಲಿ ಹೆಸರು ಬರುವುದಾದರೆ ಬರಲಿ ಎಂದು ಸುಮ್ಮನಿದ್ದೇನೆ. ಆದರೆ ಆ ಚಪ್ಪಾಳೆಗೆ ಬೇರೆ ಕಾರಣವಿದೆ. ನನ್ನ ತಂಗಿಗೆ ನಾನು ಮಾಡಿದ ಒಂದು ಕೆಲಸ ಅದು. ಹೇಳಲೆಂದೇ ಬರೆಯಲು ಕುಳಿತಿದ್ದೇನೆ, ನೇರವಾಗಿ ಹೇಳಲು ಬಾಯಿ ಬರುತ್ತಿಲ್ಲ. ಸ್ವಲ್ಪ ಸುತ್ತಿಕೊಂಡು ಹೋಗೋಣ, ನೀವೂ ಬನ್ನಿ.

ಕಾಲೇಜಿಗೆ ಹೋಗುವ ನನ್ನ ಮಗಳು ಒಮ್ಮೆ ಕಿವಿಯಿಂದ ವೈರು ತೆಗೆದು ಕೇಳಿದಳು: "ಅಪ್ಪಾ, ನಿನ್ನ ಫೇವರಿಟ್ ಆಲ್ಬಂ ಯಾವ್ದು?"

"ಅದು ಯಾವ ಕಂಪನಿಯೂ ಮಾಡಿಲ್ಲಮ್ಮ. ನಾನೇ ಮಾಡ್ಸಿದ್ದು," ಎಂದೆ. ಅವಳು ಅಪ್ಪ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡು ವೈರನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು.

ತಮಾಷೆಯಾಗಿರಲಿಲ್ಲ. ಕೋಲಾರದಲ್ಲಿ ಆಗ ಒಂದು ರೆಕಾರ್ಡಿಂಗ್ ಅಂಗಡಿಯಿತ್ತು. ಬೇಕಾದ ಹಾಡುಗಳ ಪಟ್ಟಿಯನ್ನೂ ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ಟನ್ನೂ ಕೊಟ್ಟು ಬಂದರೆ ಒಂದು ವಾರದಲ್ಲಿ ತುಂಬಿಸಿಟ್ಟಿರುತ್ತಿದ್ದರು. ಆ ಪಟ್ಟಿ ಬರೆಯಲು ನಾನು ಪಟ್ಟ ಕಷ್ಟವನ್ನು ಪರೀಕ್ಷೆಗೆ ಪಟ್ಟಿದ್ದರೆ ಎಸ್ಸೆಸ್ಸೆಲ್ಸಿ ದಾಟುತ್ತಿದ್ದೆ. ಯಾವ ಹಾಡಿನ ಮುಂದೆ ಯಾವುದು ಬರಬೇಕು, ಅಳುವ ಹಾಡಾದ ಕೂಡಲೇ ಕುಣಿಯುವುದು ಬಂದರೆ ಕೇಳುವವನ ಗತಿಯೇನು, ಎಲ್ಲ ಯೋಚಿಸುತ್ತಿದ್ದೆ. ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ತೆಲುಗು. ನಮ್ಮ ಮನೆಯೂ ಹಾಗೆಯೇ ಇತ್ತು. ಅಮ್ಮ ಬೈಯುತ್ತಿದ್ದುದು ತೆಲುಗಿನಲ್ಲಿ, ಆಮೇಲೆ ಸಮಾಧಾನ ಮಾಡುತ್ತಿದ್ದುದು ಕನ್ನಡದಲ್ಲಿ.

ಆ ಕ್ಯಾಸೆಟ್ಟಿನ ತೆಲುಗು ಮಗ್ಗುಲಿನ ಕೊನೆಯ ಹಾಡು ಪೂರ್ತಿ ಬಂದಿರಲಿಲ್ಲ. ಎರಡನೇ ಚರಣದ ನಡುವೆ ಟೇಪು ಮುಗಿದು ಟಕ್ಕೆಂದು ನಿಲ್ಲುತ್ತಿತ್ತು. ಇವತ್ತಿಗೂ ಆ ಹಾಡು ಬಸ್ಸಿನಲ್ಲೋ ಕಟಿಂಗ್ ಶಾಪಿನಲ್ಲೋ ಬಂದರೆ ನನ್ನ ತಲೆ ಅಲ್ಲಿಗೆ ನಿಂತುಬಿಡುತ್ತದೆ. ಅದರ ಮುಂದೆಯೂ ಹಾಡಿದೆ ಎಂಬುದೇ ನನಗೆ ಅನುಮಾನ. ನನ್ನ ತಂಗಿ ಪದ್ಮ ಅದನ್ನು ಅಲ್ಲಿಯ ತನಕ ಹಾಡಿ, ನಾಲಿಗೆಯಿಂದ 'ಟಕ್' ಎಂದು ಸದ್ದು ಮಾಡಿ ನಿಲ್ಲಿಸುತ್ತಿದ್ದಳು. ಅಪ್ಪನಿಗೆ ಎಷ್ಟು ಸಲ ಕೇಳಿದರೂ ನಗು.

ತೆಲುಗು ಅಕ್ಷರ ನಾನು ಕಲಿತದ್ದೂ ಕ್ಯಾಸೆಟ್ಟಿನಿಂದಲೇ. ಹಾಡಿನ ಮೊದಲ ಸಾಲು ಗೊತ್ತು, ಹೊದಿಕೆಯ ಮೇಲೆ ಅದೇ ಸಾಲು ತೆಲುಗು ಲಿಪಿಯಲ್ಲಿ ಅಚ್ಚಾಗಿದೆ. ಎರಡನ್ನೂ ಕೂಡಿಸಿಕೊಂಡೆ. ಅರ್ಧ ಅಕ್ಷರಗಳು ನಮ್ಮವೇ, ತಲೆಕಟ್ಟು ಮಾತ್ರ ಬೇರೆ. ನನ್ನ ತಲೆಯಲ್ಲಿ ಸಗಣಿ ತುಂಬಿದೆ ಎಂದಿದ್ದ ಮೇಷ್ಟ್ರು ನೋಡಿದ್ದರೆ ಬೆರಗಾಗುತ್ತಿದ್ದರು. ಈ ವಿದ್ಯೆ ಮುಂದೆ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತೆಂದು ಆಮೇಲೆ ಹೇಳುತ್ತೇನೆ.

ನಾವು ಹುಟ್ಟಿ ಬೆಳೆದ ಊರು ಮುಳಬಾಗಿಲಿನಿಂದ ಮೂರು ಮೈಲಿ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ನಾವಿಬ್ಬರೂ ಹುಳದ ಕೋಣೆಯ ಹೊರಗೆ ಕುಳಿತು ಹಿಪ್ಪುನೇರಳೆ ಸೊಪ್ಪು ಕತ್ತರಿಸುವಾಗ ಕಿಟಕಿಯ ಮೇಲೆ ಟೇಪ್ ರೆಕಾರ್ಡರು ಹಾಡುತ್ತಿತ್ತು. ಹುಳ ಜ್ವರಕ್ಕೆ ಕೂತಾಗ ಮಾತ್ರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಆ ಒಂದು ದಿನ, ಟೇಪು ಹಾಕುವಂತಿರಲಿಲ್ಲ. ಸದ್ದಿಗೆ ಹುಳ ಬೆದರುತ್ತದೆ ಎಂದು ಅಮ್ಮನ ಕಾನೂನು. ಅಂಥ ಒಂದು ದಿನ ಪದ್ಮ ಸಣ್ಣ ದನಿಯಲ್ಲಿ, ಸೊಪ್ಪು ಕತ್ತರಿಸುತ್ತಲೇ, ಆ ಕ್ಯಾಸೆಟ್ಟಿನ ಕನ್ನಡ ಮಗ್ಗುಲನ್ನು ಮೊದಲ ಹಾಡಿನಿಂದ ಕೊನೆಯ ತನಕ ಅದೇ ಸಾಲಿನಲ್ಲಿ ಹಾಡಿ ಮುಗಿಸಿದಳು. ನಡುವೆ ಬರುವ ಕೊಳಲನ್ನೂ ಬಿಡಲಿಲ್ಲ. ಅಮ್ಮ ಒಳಗಿನಿಂದ ಬಂದು ಬೈಯುತ್ತಾಳೆ ಎಂದು ಕಾದೆ. ಅಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ನನಗೆ ಖುಷಿಯಾಗಬೇಕಿತ್ತು. ಆಗಿದ್ದು ಬೇರೆ. ಕ್ಯಾಸೆಟ್ ನನ್ನದು, ಪಟ್ಟಿ ನನ್ನದು, ಹಾಡು ಇವಳಿಗೆ ಹೋಯಿತಲ್ಲ ಅನ್ನಿಸಿತು.

ಅದಕ್ಕೆ ಹಿಂದೆ ನಾನೂ ಒಮ್ಮೆ ಸ್ಟೇಜು ಹತ್ತಿದ್ದೆ. ಮುಳಬಾಗಿಲಿನಲ್ಲಿ ಗಣೇಶ ಕೂರಿಸಿದ್ದರು. ಆರ್ಕೆಸ್ಟ್ರಾದ ವ್ಯಾನು ತಡವಾಯಿತೆಂದು ಯಾರಾದರೂ ಹಾಡಿ ಎಂದರು. ನುಗ್ಗಿದೆ. ಪಲ್ಲವಿಯನ್ನೇ ಎಷ್ಟು ಮೇಲಿಂದ ಎತ್ತಿಕೊಂಡೆನೆಂದರೆ ಚರಣಕ್ಕೆ ಹೋಗಲು ಏಣಿ ಬೇಕಿತ್ತು. ಭಜನೆಗೆ ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರು ಕನಿಕರದಿಂದ ಶ್ರುತಿಯಲ್ಲಿ ಎರಡು ಮನೆ ಕೆಳಗಿಳಿದರು. ನಾನು ಇಳಿಯಲಿಲ್ಲ. ಅವರೊಂದು ಕಡೆ, ನಾನೊಂದು ಕಡೆ. ಚರಣದಲ್ಲಿ ದನಿ ಒಡೆದು ಹೊರಟ ಸದ್ದಿಗೆ ಮುಂದಿನ ಸಾಲಿನ ಕೂಸೊಂದು ಅಳತೊಡಗಿತು. ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ಸ್ಟೇಜಿನ ಮೇಲೆ ನಾನು ಬಾಯಿ ಬಿಟ್ಟಿದ್ದು 'ಹಲೋ, ಮೈಕ್ ಟೆಸ್ಟಿಂಗ್' ಎನ್ನಲು ಮಾತ್ರ. ಮುಳಬಾಗಿಲಿನ ಬಾಷಾ ಅವರ ಮೈಕ್ ಸೆಟ್ಟಿನಲ್ಲಿ ಕೆಲಸಕ್ಕೆ ಸೇರಿಕೊಂಡೆ.

ಬಾಷಾ ದೊಡ್ಡ ರಸಿಕರು. ಹಾರ್ನುಗಳನ್ನು ಮರಕ್ಕೆ ಕಟ್ಟುತ್ತಲೇ ಯಾವ ಊರಿನ ಆರ್ಕೆಸ್ಟ್ರಾದಲ್ಲಿ ತಬಲ ಚೆನ್ನ, ಯಾವುದರಲ್ಲಿ ಗಾಯಕಿಯ ಸೀರೆ ಮಾತ್ರ ಚೆನ್ನ ಎಂದು ಹೇಳುತ್ತಿದ್ದರು. ಒಂದು ದಿನ ಏನೋ ಸಾಮಾನಿಗೆ ನಮ್ಮ ಮನೆಗೆ ಬಂದವರು ಪದ್ಮ ಹಾಡುವುದನ್ನು ಕೇಳಿದರು.

"ಏನ್ಲಾ ಸೀನ, ಮನೇಲಿ ಇಂಥಾ ಗಂಟಲು ಇಟ್ಕೊಂಡು ನನ್ನ ಹತ್ರ ಬಾಯೇ ಬಿಟ್ಟಿಲ್ವಲ್ಲೋ. ರಾಜ್ಯೋತ್ಸವಕ್ಕೆ ಮೈಸೂರು ಕಡೆಯೋರ ಆರ್ಕೆಸ್ಟ್ರಾ ಬರ್ತೈತೆ. ಮೊದಲನೇ ಹಾಡು ಈ ಹುಡುಗಿ ಕೈಲಿ ಹಾಡ್ಸೋಣ."

ಅಪ್ಪ ಬೇಡವೆನ್ನುತ್ತಾರೆ ಎಂದು ನಾನು ಸುಮ್ಮನಿದ್ದೆ. ಅಪ್ಪ ಬೀಡಿ ಕೆಳಗಿಟ್ಟು, "ಪೋನೀರಾ, ಪಾಡನೀ," ಎಂದರು. ಹಾಡಲಿ ಬಿಡು ಎಂದು ಅದರ ಅರ್ಥ.

ಇಪ್ಪತ್ತಾರು ವರ್ಷವಾಯಿತು. ಪದ್ಮನಿಗೆ ಆಗ ಹತ್ತೊಂಬತ್ತು, ನನಗೆ ಇಪ್ಪತ್ತಮೂರು. ಹಸಿರು ದಾವಣಿ ಉಟ್ಟು, ಅಮ್ಮನ ಒಂದು ಎಳೆ ಸರ ಹಾಕಿಕೊಂಡು ಬಂದಿದ್ದಳು. ಸಂಜೆ ಆರಕ್ಕೆ ದೇವರ ಮೇಲೊಂದು ಹಾಡು ಹಾಡಿದಳು. ಜನ ಇನ್ನೂ ಬರುತ್ತಿದ್ದರು, ಕಡಲೆಕಾಯಿ ಕೊಳ್ಳುತ್ತಿದ್ದರು, ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಿದ್ದರು. ಎರಡನೆಯದಾಗಿ ಒಂದು ಭಾವಗೀತೆ ಎತ್ತಿಕೊಂಡಳು. ಅದರ ಮೊದಲ ಚರಣದ ಹೊತ್ತಿಗೆ ನಿಂತಿದ್ದವರು ಕುಳಿತಿದ್ದರು. ಆಂಪ್ಲಿಫೈಯರಿನ ಗುಂಡಿಯ ಮೇಲೆ ನನ್ನ ಕೈಯಿತ್ತು. ಅದನ್ನು ತಿರುಗಿಸಲಿಲ್ಲ. ಅಷ್ಟರಮಟ್ಟಿಗೆ ಒಳ್ಳೆಯವನಾಗಿದ್ದೆ ಎಂದು ಹೇಳಿಕೊಳ್ಳಲೂ ಈಗ ನಾಚಿಕೆ.

ಹಾಡು ಮುಗಿದ ಮೇಲೆ ಆರ್ಕೆಸ್ಟ್ರಾದ ಮಾಲೀಕರು, ಎಲ್ಲರೂ ಮಾಸ್ಟರ್ ಎನ್ನುತ್ತಿದ್ದವರು, ಸ್ಟೇಜಿನ ಹಿಂದೆ ಅಪ್ಪನ ಹತ್ತಿರ ಬಂದರು. "ಈ ತಿಂಗಳು ಕೋಲಾರ, ಮಾಲೂರು, ಶ್ರೀನಿವಾಸಪುರ, ಎಲ್ಲಾ ಕಡೆ ಪ್ರೋಗ್ರಾಂ ಇದೆ ಯಜಮಾನರೇ. ಒಬ್ಬ ಹುಡುಗಿ ಬೇಕಾಗಿದೆ. ಆದರೆ ನಮ್ಮದು ಒಂದು ಪದ್ಧತಿ. ಜನ ಕೇಳಬೇಕು. ಇವಳು ಹಾಡಲಿ ಅಂತ ಚೀಟಿ ಬಂದರೆ ಇವತ್ತೇ ಮತ್ತೆ ಸ್ಟೇಜಿಗೆ ಕರೀತೀನಿ, ಮುಂದಿನ ಪ್ರೋಗ್ರಾಂಗಳಿಗೂ ಕರ್ಕೊಂಡು ಹೋಗ್ತೀನಿ."

ಅಪ್ಪ ತಲೆಯಾಡಿಸಿದರು. "ಹತ್ರದ ಊರುಗಳೇ ತಾನೇ. ಜನ ಕೇಳಿದ್ರೆ ಹೋಗ್ಲಿ. ಜೊತೆಗೆ ಅವರಣ್ಣ ಇರ್ತಾನೆ."

ಈಗಿನ ಮಕ್ಕಳಿಗೆ ಚೀಟಿಯ ವಿಷಯ ಹೇಳಬೇಕು. ಆರ್ಕೆಸ್ಟ್ರಾ ನಡೆಯುವಾಗ ಜನ ತಮಗೆ ಬೇಕಾದ ಹಾಡನ್ನು ಕೈಗೆ ಸಿಕ್ಕ ಕಾಗದದ ಚೂರಿನ ಮೇಲೆ ಬರೆದು ಮುಂದಕ್ಕೆ ಕಳಿಸುತ್ತಿದ್ದರು. ಅದು ಸಾಲಿನಿಂದ ಸಾಲಿಗೆ ದಾಟಿ ಸ್ಟೇಜಿನ ಪಕ್ಕ ನಿಂತವನ ಕೈಗೆ ಬರುತ್ತಿತ್ತು. ಅವನು ಓದಿ, ಚೊಕ್ಕವಾಗಿ ಬರೆದು, ಮಾಸ್ಟರಿಗೆ ಕೊಡಬೇಕು. ರಾಜ್ಯೋತ್ಸವದ ಸ್ಟೇಜಾದ್ದರಿಂದ ಕನ್ನಡ ಹಾಡೇ ಆಗಬೇಕೆಂದು ಕಾರ್ಯಕ್ರಮ ಮಾಡಿಸಿದ ಸಂಘದವರು ಮೊದಲೇ ಹೇಳಿದ್ದರು. ಆದರೆ ಕನ್ನಡದ ಹಾಡನ್ನು ತೆಲುಗಿನಲ್ಲಿ ಬರೆದು ಕೇಳುವ ಜನ ನಮ್ಮವರು. ಮಾಸ್ಟರಿಗೆ ತೆಲುಗು ಲಿಪಿ ಬಾರದು. ಎರಡೂ ಓದಬಲ್ಲವನು ಯಾರು ಎಂದು ಕೇಳಿದರು. "ನಮ್ಮ ಸೀನ ಅವ್ನೆ," ಎಂದರು ಬಾಷಾ, ಹೆಮ್ಮೆಯಿಂದ. ಕ್ಯಾಸೆಟ್ಟಿನಿಂದ ಕಲಿತ ನನ್ನ ವಿದ್ಯೆ ನನ್ನನ್ನು ತಂದು ನಿಲ್ಲಿಸಿದ ಜಾಗ ಅದು.

ಮೊದಲ ಚೀಟಿ ಸಿನಿಮಾ ಹಾಡಿಗೆ ಬಂತು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಬಿಡಿಸಿದೆ. 'ಮೊದಲು ಹಾಡಿದ ಹುಡುಗಿ ಇನ್ನೊಂದು ಹಾಡಲಿ' ಎಂದಿತ್ತು. ನಾಲ್ಕಾಗಿ ಮಡಚಿ ಷರ್ಟಿನ ಜೇಬಿಗೆ ಹಾಕಿಕೊಂಡೆ. ಕೊಡಬಾರದೆಂದು ಆಗ ನಿರ್ಧರಿಸಿರಲಿಲ್ಲ, ಆಮೇಲೆ ಕೊಡೋಣ ಎಂದುಕೊಂಡೆ. ಇನ್ನೊಂದು ಬಂತು, ಅದೂ ಜೇಬಿಗೆ ಹೋಯಿತು. ಜೇಬಿಗೆ ಒಂದು ಹೋದ ಮೇಲೆ ಉಳಿದವಕ್ಕೆ ದಾರಿ ತಾನಾಗಿ ಆಗಿಬಿಡುತ್ತದೆ.

ಪದ್ಮ ಸ್ಟೇಜಿನ ಪಕ್ಕ ಮೈಕಿನ ಖಾಲಿ ಪೆಟ್ಟಿಗೆಯ ಮೇಲೆ ಕುಳಿತಿದ್ದಳು. ಎರಡು ಹಾಡು ಮುಗಿದ ಮೇಲೆ ಕೇಳಿದಳು: "ಅಣ್ಣಾ, ಏನಾದ್ರೂ ಬಂತಾ?"

"ಇಲ್ಲ."

ಇನ್ನೊಂದಷ್ಟು ಹೊತ್ತಿಗೆ ಮತ್ತೆ ಕೇಳಿದಳು. ಇಲ್ಲವೆಂದೆ. ಕೊನೆಯ ಹಾಡಿಗೆ ಮುಂಚೆ ಬಾಯಿಬಿಟ್ಟು ಕೇಳಲಿಲ್ಲ, ಹುಬ್ಬು ಎತ್ತಿದಳು. ನಾನು ಕೈ ತಿರುಗಿಸಿ ತೋರಿಸಿದೆ. ಮಾಸ್ಟರು ವ್ಯಾನು ಹತ್ತುವಾಗ ಅಪ್ಪನಿಗೆ, "ಚೆನ್ನಾಗಿ ಹಾಡ್ತಾಳೆ. ಯಾಕೋ ಜನ ಕೇಳ್ಲಿಲ್ಲ," ಎಂದರು. ಅವರ ಮುಖದಲ್ಲೂ ಅಚ್ಚರಿಯಿತ್ತು.

ಮನೆಗೆ ಹೋದ ಮೇಲೆ ಎಣಿಸಿದೆ. ಹನ್ನೊಂದು ಚೀಟಿಗಳಿದ್ದವು. ಬೆಳಗ್ಗೆ ನೀರು ಕಾಯಿಸುವ ಹಂಡೆಯ ಒಲೆಗೆ ಹಾಕಿದೆ. ಆ ನೀರಿನಲ್ಲೇ ಸ್ನಾನ ಮಾಡಿದೆ.

ಹೆಣ್ಣುಮಗಳು ಸ್ಟೇಜು ಹತ್ತಿಕೊಂಡು ಊರೂರು ತಿರುಗಬಾರದೆಂದು ಹಾಗೆ ಮಾಡಿದೆ ಎಂದು ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಎಷ್ಟೋ ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡೆ. ಸುಳ್ಳು. ಅಪ್ಪ ಒಪ್ಪಿದ್ದರು, ಜೊತೆಗೆ ನಾನೇ ಹೋಗುವವನಿದ್ದೆ. ನನ್ನನ್ನು ನೋಡಿ ನಕ್ಕ ಜನ ಅವಳು ಹಾಡಿದಾಗ ಕುಳಿತು ಕೇಳಿದರು, ಅದನ್ನು ನನ್ನ ಕೈಯಲ್ಲಿ ತಡೆದುಕೊಳ್ಳಲು ಆಗಲಿಲ್ಲ. ಇಷ್ಟೇ.

ಪದ್ಮ ಅಳಲಿಲ್ಲ, ಊಟ ಬಿಡಲಿಲ್ಲ. ಹಾಡು ಬಿಟ್ಟಳು. ಟೇಪು ಹಾಡುವಾಗ ಸುಮ್ಮನೆ ಸೊಪ್ಪು ಕತ್ತರಿಸುತ್ತಿದ್ದಳು. ಹಾಡೇ ಎಂದು ಅಮ್ಮ ಕೇಳಿದರೆ, "ಜನ ಕೇಳ್ಲಿಲ್ವಲ್ಲಮ್ಮ," ಎನ್ನುತ್ತಿದ್ದಳು. ಹಬ್ಬದಲ್ಲಿ ಆರತಿ ಮಾಡುವಾಗ ಎಲ್ಲರ ಜೊತೆ ತುಟಿ ಮಾತ್ರ ಆಡಿಸುತ್ತಿದ್ದಳು. ದೂರದಿಂದ ನೋಡುವವರಿಗೆ ಹಾಡುತ್ತಿದ್ದಾಳೆ ಅನ್ನಿಸಬೇಕು, ಪಕ್ಕದಲ್ಲಿ ನಿಂತವರಿಗೆ ಗೊತ್ತಾಗುತ್ತಿತ್ತು. ಪಕ್ಕದಲ್ಲಿ ನಿಲ್ಲುತ್ತಿದ್ದವನು ನಾನು.

ಮರುವರ್ಷ ಮಾಲೂರು ತಾಲ್ಲೂಕಿನ ಮಾಸ್ತಿಯಿಂದ ಸಂಬಂಧ ಬಂತು. ಹುಡುಗ ಮುನಿರಾಜು, ಹಸು ಕಟ್ಟಿದ್ದಾರೆ, ರಾಗಿ ಬೆಳೆಯುತ್ತಾರೆ. ಆರ್ಕೆಸ್ಟ್ರಾ ಎಲ್ಲಿದ್ದರೂ ಬಸ್ಸು ಹತ್ತುವ ಮನುಷ್ಯ. ಆ ಸಂಜೆ ಪದ್ಮನನ್ನು ನೋಡಿ, ಯಾರ ಮನೆಯವಳೆಂದು ಬಾಷಾ ಅವರಿಂದ ತಿಳಿದುಕೊಂಡು ಬಂದಿದ್ದರು. ಎಲ್ಲರೂ ಸಂತೋಷಪಟ್ಟರು. ನನಗೆ ಮಾತ್ರ ಹೆದರಿಕೆಯಾಯಿತು. ಸುಟ್ಟ ಹನ್ನೊಂದರಲ್ಲಿ ಒಂದು ಚೀಟಿ ಮಾಸ್ತಿಯವರದೆಂದು ನನಗೆ ಗೊತ್ತಿತ್ತು.

ಮುನಿರಾಜು ನನ್ನನ್ನು ಬಾವ ಎನ್ನುತ್ತಾರೆ, ನಾನೂ ಅವರನ್ನು ಬಾವ ಎನ್ನುತ್ತೇನೆ. ಒಳ್ಳೆಯ ಮನುಷ್ಯ. ಅವರು ಆರ್ಕೆಸ್ಟ್ರಾದ ಮಾತೆತ್ತಿದರೆ ಸಾಕು, ನಾನು ಹಾಲಿನ ಡೇರಿಯ ವಿಷಯ ತೆಗೆಯುತ್ತಿದ್ದೆ. ಆ ಸಂಜೆಯ ಮಾತು ಬಂದರೆ ಪದ್ಮನೂ ಎದ್ದು ಒಳಗೆ ಹೋಗುತ್ತಿದ್ದಳು, ಅದರಿಂದ ಅವರಿಗೂ ಹೇಳುವ ಅಭ್ಯಾಸ ತಪ್ಪಿತ್ತು. ಹೀಗೆ ನಾವು ಮೂವರೂ ಸೇರಿ ಆ ಸಂಜೆಯನ್ನು ಇಪ್ಪತ್ತೈದು ವರ್ಷ ಮುಟ್ಟದೆ ಇಟ್ಟಿದ್ದೆವು.

ಈ ಸಲ ಮಾವಿನ ಕಾಲ ಶುರುವಾಗುವ ಮುಂಚೆ ಮುಳಬಾಗಿಲಿನಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗಳ ಮದುವೆಯಾಯಿತು. ಮಾರನೆಯ ದಿನ ಮಧ್ಯಾಹ್ನ ಬೀಗರ ಊಟ. ಮುದ್ದೆ, ಮಟನ್ ಸಾರು, ಚೌಲ್ಟ್ರಿಯ ಒಳಗೆ ಆರ್ಕೆಸ್ಟ್ರಾ. ನಾನು, ಪದ್ಮ, ಮುನಿರಾಜು ಒಂದೇ ಸಾಲಿನಲ್ಲಿ ಕುಳಿತಿದ್ದೆವು. ಎಳೆಯ ಹುಡುಗಿಯೊಬ್ಬಳು ಮೊದಲ ಹಾಡು ಹಾಡಿದಳು. ನಾನು ಚಪ್ಪಾಳೆ ತಟ್ಟಿದೆ.

"ಇದೇನ್ ಆರ್ಕೆಸ್ಟ್ರಾ ಬಾವ," ಎಂದರು ಮುನಿರಾಜು. "ಒಂದು ಲ್ಯಾಪ್‌ಟಾಪು, ಎರಡು ಗಂಟಲು. ತಬಲ ಎಲ್ಲಿ, ಕೊಳಲೆಲ್ಲಿ?"

"ಈಗೆಲ್ಲಾ ಟ್ರ್ಯಾಕೇ ಬಾವ."

"ಆ ಹುಡುಗಿ ನೋಡಿ, ಉಸಿರು ತಗೊಳ್ಳೋಕೂ ಪುರುಸೊತ್ತಿಲ್ಲ. ಟ್ರ್ಯಾಕ್ ಯಾರಿಗೂ ಕಾಯಲ್ಲ. ನಮ್ ಕಾಲದಲ್ಲಿ ಹಾಡೋನು ಕೆಮ್ಮಿದ್ರೆ ತಬಲದೋನು ಎರಡು ಸುತ್ತು ಜಾಸ್ತಿ ಬಾರ್ಸಿ ಕಾಯ್ತಿದ್ದ."

"ಕೆಮ್ಮು ಕೇಳೋಕೆ ಅಷ್ಟು ದೂರ ಹೋಗ್ತಿದ್ರಾ? ಮನೇಲಿ ಕ್ಯಾಸೆಟ್ ಹಾಕ್ಕೊಂಡು ಕೇಳ್ಬಹುದಿತ್ತಲ್ಲ," ಎಂದಳು ಪದ್ಮ.

"ಕ್ಯಾಸೆಟ್ಟು ನೂರು ಸಲ ಹಾಕಿದ್ರೂ ನೂರು ಸಲವೂ ಒಂದೇ ಥರ ಹಾಡ್ತೈತೆ ಕಣೇ. ಸ್ಟೇಜಲ್ಲಿ ಆವತ್ತಿಂದು ಆವತ್ತಿಗೆ."

"ಅಣ್ಣಾ, ಇವರು ಹಾಲು ಕರೆಯೋಕೂ ರೇಡಿಯೋ ಹಾಕ್ತಾರೆ. ಹಸುಗೆ ಹಳೇ ಹಾಡು ಇಷ್ಟ ಅಂತೆ. ಹಸು ಬಂದು ಹೇಳ್ತಾ ಕೇಳು."

ಅಷ್ಟರಲ್ಲಿ ನಿರೂಪಕ ಮೈಕು ಹಿಡಿದು, ಯಾವ ಹಾಡು ಬೇಕೋ ಈ ನಂಬರಿಗೆ ವಾಟ್ಸಾಪ್ ಮಾಡಿ ಎಂದ. ಮುನಿರಾಜು ನಕ್ಕರು. "ನೋಡಿ, ಚೀಟಿನೂ ಹೋಯ್ತು." ನಾನು ಹಾಲಿನ ರೇಟಿನ ವಿಷಯ ತೆಗೆಯಲು ಬಾಯಿ ತೆರೆಯುವಷ್ಟರಲ್ಲಿ ಅವರು ಹೆಂಡತಿಯ ಕಡೆ ತಿರುಗಿದ್ದರು. "ನಿಂಗೂ ಒಂದು ಕಳ್ಸಿದ್ದೆ ಕಣೇ."

"ಯಾರಿಗೆ?"

"ನಿಂಗೇ. ಇದೇ ಊರಲ್ಲಿ, ಆವತ್ತು. ಇನ್ನೊಂದು ಹಾಡಲಿ ಅಂತ. ಅದಕ್ಕೇ ಕಾಯ್ತ ಕೂತು ಕೊನೇ ಬಸ್ಸು ತಪ್ಪಿಸ್ಕೊಂಡೆ. ಎಲ್ಲಿ ಬಿತ್ತೋ ಏನೋ. ಕೈಯಿಂದ ಕೈಗೆ ಹೋಗ್ಬೇಕಿತ್ತಲ್ಲ, ಮಧ್ಯದಲ್ಲಿ ಯಾರೋ ಕಡಲೆಕಾಯಿ ಸಿಪ್ಪೆ ಜೊತೆ ಎಸೆದಿರ್ತಾರೆ. ನಿಂಗೆ ಬೇಜಾರಾಗ್ತದೆ ಅಂತ ನಾನೂ ಹೇಳ್ಲಿಲ್ಲ."

ನಾನು ತಪ್ಪಿಸಿಕೊಂಡಿದ್ದೆ. ಇಪ್ಪತ್ತಾರು ವರ್ಷ ಹೆದರಿದ ಗಳಿಗೆ ಬಂದು, ನನ್ನನ್ನು ಮುಟ್ಟದೆ ಪಕ್ಕದಲ್ಲೇ ಹೋಗಿತ್ತು. ಸುಮ್ಮನೆ ಕುಳಿತಿದ್ದರೆ ಆಗುತ್ತಿತ್ತು. ಆದರೆ ಪದ್ಮನ ಮುಖ ನೋಡಿದೆ. ಅವಳು ಗಂಡನನ್ನು ಬಿಟ್ಟು ಎದುರಿನ ಸ್ಟೇಜನ್ನು ನೋಡುತ್ತಿದ್ದಳು. ಹತ್ತೊಂಬತ್ತರ ವಯಸ್ಸಿನಲ್ಲಿದ್ದ ಒಂದು ಕಳೆ ಎಲ್ಲಿಂದಲೋ ಬಂದು ಮುಖದ ಮೇಲೆ ಕುಳಿತಿತ್ತು.

"ಹಂಗಾದ್ರೆ ಒಂದು ಬಂದಿತ್ತು," ಎಂದಳು. "ಒಂದಾದ್ರೂ ಬಂದಿತ್ತಲ್ಲ."

ಆ ಒಂದಕ್ಕೆ ಅವಳಿಗಾದ ಸಂತೋಷವನ್ನು ನೋಡಿಕೊಂಡು ಕೂರಲು ನನ್ನಿಂದ ಆಗಲಿಲ್ಲ.

ಊಟವಾದ ಮೇಲೆ ಚೌಲ್ಟ್ರಿಯ ಹಿಂದೆ ಕೈತೊಳೆಯುವ ನಲ್ಲಿಗಳ ಹತ್ತಿರ, ಹುಣಸೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಅವಳು ಎಲೆಅಡಿಕೆ ಹಿಡಿದು ಕುಳಿತಿದ್ದಳು. ಮುನಿರಾಜು ಒಳಗಿದ್ದರು. ನಾನು ಹೋಗಿ ಪಕ್ಕದಲ್ಲಿ ಕುಳಿತೆ.

"ಒಂದಲ್ಲ ಪದ್ದು."

"ಏನು?"

"ಚೀಟಿ. ಹನ್ನೊಂದು ಬಂದಿದ್ವು. ನಾನು ಜೇಬಲ್ಲಿಟ್ಕೊಂಡೆ."

ಅವಳು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದಳು. ಮುರಿದಳು. ಬೆನ್ನಿನ ನಾರು ತೆಗೆದಳು, ಸುಣ್ಣ ಸವರಿದಳು, ಮಡಚಿದಳು. ಬಾಯಿಗೆ ಹಾಕಿಕೊಳ್ಳಲಿಲ್ಲ.

"ಯಾಕೆ?"

ಇಷ್ಟು ವರ್ಷ ಕೂಡಿಟ್ಟ ಕಾರಣಗಳು ಒಂದೂ ಬಾಯಿಗೆ ಬರಲಿಲ್ಲ. "ಹೊಟ್ಟೆಕಿಚ್ಚು," ಎಂದೆ.

"ನನ್ನ ಮೇಲಾ? ನೀನು ಹಾಕಿದ ಕ್ಯಾಸೆಟ್ ಕೇಳ್ಕೊಂಡೇ ಅಲ್ವಾ ನಾನು ಕಲ್ತಿದ್ದು."

"ಅದಕ್ಕೇ."

ನಲ್ಲಿಯ ಹತ್ತಿರ ಯಾರೋ ಮಗುವಿನ ಕೈತೊಳೆಸುತ್ತಿದ್ದರು. ಅವರು ಹೋದ ಮೇಲೆ ಪದ್ಮ ನನ್ನ ಕಡೆ ತಿರುಗಿದಳು.

"ಮೂರು ಸಲ ಕೇಳ್ದೆ ನಿನ್ನ."

"ಹೂಂ."

"ನಾನೇನಂದ್ಕೊಂಡಿದ್ದೆ ಗೊತ್ತಾ? ನನ್ನ ಗಂಟಲು ನಮ್ಮನೆ ಹುಳದ ಕೋಣೆ ಮುಂದಕ್ಕೆ ಸರಿ, ಜನದ ಮುಂದಕ್ಕಲ್ಲ ಅಂತ. ಅಪ್ಪ ಸಾಯೋವರ್ಗೂ, ಈ ಊರಿನ ಜನಕ್ಕೆ ಕಿವಿ ಇಲ್ಲ ಅಂತ ಬೈತಿದ್ರು. ಅಪ್ಪ ನನ್ನ ಸಮಾಧಾನಕ್ಕೆ ಹೇಳ್ತಾವ್ರೆ ಅಂದ್ಕೋತಿದ್ದೆ."

ಕ್ಷಮಿಸು ಎಂದೆನೋ ಇಲ್ಲವೋ ನೆನಪಿಲ್ಲ. ಅಂದಿದ್ದರೂ ಅವಳಿಗೆ ಕೇಳಿಸಿದಂತೆ ಕಾಣಲಿಲ್ಲ.

"ಎಲ್ಲವೆ ಅವು?"

"ಸುಟ್ಟಾಕ್ದೆ. ಮಾರನೇ ದಿನವೇ."

"ಓದಿದ್ಯಾ?"

"ಎಲ್ಲಾ ಓದಿದ್ದೆ."

"ಹೇಳು ಮತ್ತೆ."

ಹೇಳಿದೆ. ಮೊನ್ನೆ ತಿಂದದ್ದು ನೆನಪಿರದ ನನಗೆ ಅವು ನೆನಪಿದ್ದವು. ಬಸ್ ಸ್ಟ್ಯಾಂಡಿನ ಹೂವಿನವರದು, ಇನ್ನೊಂದು ಹಾಡಲಿ ಎಂದು. ಒಬ್ಬ ಮೇಷ್ಟ್ರದು, ಗುಂಡನೆಯ ಅಕ್ಷರ: 'ಉಚ್ಚಾರಣೆ ಬಹಳ ಶುದ್ಧವಾಗಿದೆ, ಇನ್ನೊಂದು ಭಾವಗೀತೆ ಹಾಡಿಸಬೇಕಾಗಿ ವಿನಂತಿ.' ಬಸ್ ಟಿಕೆಟ್ಟಿನ ಹಿಂದೆ ಬರೆದದ್ದು: 'ಹಸಿರು ದಾವಣಿ. ಒನ್ಸ್ ಮೋರ್.' ಸಿಗರೇಟ್ ಪ್ಯಾಕಿನ ಮೇಲಿನದು: 'ಆ ಹುಡುಗಿಗೆ ಮೈಕ್ ಕೊಡಿ, ನಿಮ್ಮ ಗಾಯಕಿ ಸ್ವಲ್ಪ ನೀರು ಕುಡಿಯಲಿ.' ಇದಕ್ಕೆ ಪದ್ಮ ನಕ್ಕೇಬಿಟ್ಟಳು, ನಕ್ಕದ್ದಕ್ಕೆ ತನ್ನ ಮೇಲೆಯೇ ಸಿಟ್ಟಾದವಳಂತೆ ಮುಖ ತಿರುಗಿಸಿಕೊಂಡಳು. ತೆಲುಗಿನಲ್ಲಿ ಮೂರು. ಒಂದು ದೇವರ ಹಾಡನ್ನೇ ಮತ್ತೊಮ್ಮೆ ಕೇಳಿದ್ದು. ಇನ್ನೊಂದು, ನಮ್ಮ ಹುಡುಗಿಯನ್ನು ಯಾಕೆ ಇಷ್ಟು ಬೇಗ ಇಳಿಸಿದಿರಿ ಎಂದು ಜಗಳಕ್ಕೆ ಬಂದದ್ದು. ಮೂರನೆಯದು ಯಾರೋ ಅಜ್ಜಿ ಬರೆಸಿದ್ದು: 'ಮೊದಲು ಹಾಡಿದ ಮಗು ಚೆನ್ನಾಗಿರಲಿ.' ಅದರಲ್ಲಿ ಹಾಡೇ ಕೇಳಿರಲಿಲ್ಲ. ಎಂಟನೆಯದು ಪೆನ್ಸಿಲಿನಲ್ಲಿ ಹತ್ತು ಹೆಸರು ಬರೆದು, ಇಷ್ಟೂ ಜನ ಕೇಳುತ್ತಿದ್ದೇವೆ ಎಂದದ್ದು.

ಅವಳು ಬೆರಳಿನ ಗೆಣ್ಣು ಎಣಿಸುತ್ತಿದ್ದಳು. "ಇವರದು?"

"ಅದೇ ಒಂಬತ್ತನೇದು. 'ಮಾಸ್ತಿಯಿಂದ ಬಂದಿದ್ದೇನೆ, ಕೊನೆಯ ಬಸ್ಸಿಗೆ ಹೋಗಬೇಕು. ಅಷ್ಟರಲ್ಲಿ ಆ ಹುಡುಗಿ ಇನ್ನೊಂದು ಹಾಡಿದರೆ ಕೇಳಿಕೊಂಡು ಹೋಗುತ್ತೇನೆ.'"

ಅವಳ ಕಣ್ಣು ತುಂಬಿದ್ದು ಆಗಲೇ. ಸೆರಗಿನಿಂದ ಒರೆಸಿಕೊಂಡು, "ಇನ್ನೆರಡು?" ಎಂದಳು.

ಇನ್ನೆರಡು ನೆನಪಾಗಲಿಲ್ಲ. ಎಷ್ಟು ತಡಕಿದರೂ ಬರಲಿಲ್ಲ. ಕಟ್ಟಿ ಹೇಳುವುದು ಕಷ್ಟವಿರಲಿಲ್ಲ, ಒಂಬತ್ತು ಹೇಳಿದ ಬಾಯಿಗೆ ಇನ್ನೆರಡು ಸಲೀಸು. ಚಂದದ ಮಾತೊಂದು ನಾಲಿಗೆಯ ತುದಿಗೂ ಬಂದಿತ್ತು. ನುಂಗಿಕೊಂಡೆ.

"ಮರ್ತೋಗಿದೆ ಪದ್ದು."

ಅವಳು ಎದ್ದು ಸೀರೆಯ ನೆರಿಗೆ ಕೊಡವಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವು ನಿನ್ನವಲ್ಲಣ್ಣ ಮರೆಯೋಕೆ. ನನ್ನವು. ಎರಡೂ ನೆನಪಾದ ದಿನ ಮಾಸ್ತಿಗೆ ಬಂದು ಹೇಳು. ಅಲ್ಲೀವರ್ಗೂ ಬರಬೇಡ."

ಮಾವಿನ ಕಾಲ ಬಂದು ಮುಗಿಯುತ್ತಲೂ ಬಂತು. ಮುನಿರಾಜು ಎರಡು ಸಲ ಫೋನು ಮಾಡಿ, ಬಾವ, ಬನ್ನಿ, ಏನೋ ಅಣ್ಣತಂಗಿ ಜಗಳ, ಎಂದರು. ಅವರಿಗೂ ಪದ್ಮ ಎಲ್ಲ ಹೇಳಿದ್ದಾಳೆ. ಆದರೂ ಬಾವ ಎನ್ನುವುದನ್ನು ಬಿಟ್ಟಿಲ್ಲ. ನಾನು ಹೋಗಿಲ್ಲ. ಮಂಡಿಯಲ್ಲಿ ಹಣ್ಣು ವಿಂಗಡಿಸುತ್ತಾ ಆ ಸಂಜೆಯನ್ನು ಮೊದಲಿನಿಂದ ಕೊನೆಯ ತನಕ ಮನಸ್ಸಿನಲ್ಲಿ ಓಡಿಸುತ್ತೇನೆ. ಹತ್ತನೆಯದು ಹೋದ ವಾರ ಸಿಕ್ಕಿತು. ಕಡಲೆಕಾಯಿ ಕಟ್ಟಿದ್ದ ಕಾಗದದ ಮೇಲೆ ಬರೆದಿದ್ದರು: 'ಆ ಹುಡುಗಿ ಯಾರ ಮಗಳು ಎಂದು ಮೈಕಿನಲ್ಲಿ ಹೇಳಿ.' ಅದನ್ನು ಕೊಟ್ಟಿದ್ದರೆ ಮಾಸ್ಟರು ಅಪ್ಪನ ಹೆಸರನ್ನು ಇಡೀ ಮುಳಬಾಗಿಲಿಗೆ ಕೇಳುವಂತೆ ಕೂಗುತ್ತಿದ್ದರು. ಅಪ್ಪ ಸ್ಟೇಜಿನ ಹಿಂದೆಯೇ ನಿಂತಿದ್ದರು. ನೆನಪಾದ ದಿನ ಕ್ರೇಟು ಕೆಳಗಿಟ್ಟು ಸ್ವಲ್ಪ ಹೊತ್ತು ಕುಳಿತುಬಿಟ್ಟೆ.

ಇನ್ನೊಂದು ಮಾತ್ರ ಸಿಗುತ್ತಿಲ್ಲ. ಬರೆದು ಅಭ್ಯಾಸವಿಲ್ಲದವನು ಇಷ್ಟೆಲ್ಲ ಬರೆದದ್ದು ಅದಕ್ಕಾಗಿಯೇ. ಇದನ್ನು ಓದುವವರಲ್ಲಿ ಯಾರಾದರೂ ಇಪ್ಪತ್ತಾರು ವರ್ಷದ ಹಿಂದೆ ರಾಜ್ಯೋತ್ಸವದ ಸಂಜೆ ಮುಳಬಾಗಿಲಿನಲ್ಲಿ ಆರ್ಕೆಸ್ಟ್ರಾ ಕೇಳಲು ಕುಳಿತಿದ್ದಿರಾ? ಮೊದಲು ಹಾಡಿದ ಹಸಿರು ದಾವಣಿಯ ಹುಡುಗಿ ಇನ್ನೊಂದು ಹಾಡಲೆಂದು ಚೀಟಿ ಬರೆದು ಮುಂದಕ್ಕೆ ಕಳಿಸಿ, ಅವಳು ಬರಲಿಲ್ಲವಲ್ಲ ಎಂದುಕೊಂಡು ಮನೆಗೆ ಹೋದಿರಾ? ಅವಳಿಗೆ ಅದು ಸಿಕ್ಕಿರಲಿಲ್ಲ. ಅದರಲ್ಲಿ ಏನು ಬರೆದಿದ್ದಿರಿ ಎಂದು ಇದ್ದದ್ದು ಇದ್ದ ಹಾಗೆ ನನಗೆ ತಿಳಿಸಿ. ಈ ಸಲ ತಲುಪಿಸುತ್ತೇನೆ.